ಜಿಯೋಎಂಜಿನಿಯರಿಂಗ್‌ಗೆ ಕನ್ನಡದಲ್ಲಿ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ,

ಪರಿಸರದ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ, ಅನುವಾದ ಮಾಡುವವರಿಗೆ ಒಂದು ಪ್ರಶ್ನೆ. ಜಿಯೋಎಂಜಿನಿಯರಿಂಗ್ ಅನ್ನುವುದಕ್ಕೆ ನೀವು ಯಾವ ಪದ ಬಳಸುತ್ತೀರಿ? ಹೈಸ್ಕೂಲ್ ಮಕ್ಕಳೂ ಓದುವ ಹಾಗೆ ಒಂದು ಲೇಖನ ಬರೆಯುತ್ತಿದ್ದೇನೆ. ನಾವೇ ಬಿಸಿ ಮಾಡಿಟ್ಟ ಭೂಮಿಯನ್ನು ತಂತ್ರಜ್ಞಾನದಿಂದ ತಂಪು ಮಾಡುವ ಪ್ರಯತ್ನಗಳು ಅದರ ವಿಷಯ. ಶೀರ್ಷಿಕೆಯಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಒಂದೊಂದು ಪದವೂ ಒಂದೊಂದು ಪಕ್ಷದ ಕಡೆ ವಾಲುತ್ತದೆ. ಓದುವ ಮೊದಲೇ ಓದುಗರ ಮನಸ್ಸಿನಲ್ಲಿ ತೀರ್ಪು ಬರೆದುಬಿಡುವ ಪದ ನನಗೆ ಬೇಡ.

ಮೊದಲು ಪದದ ಹಿನ್ನೆಲೆ ಹೇಳಿಬಿಡುತ್ತೇನೆ. ಇಟಲಿಯ ವಿಜ್ಞಾನಿ ಚೆಜಾರೆ ಮಾರ್ಕೆಟ್ಟಿ 1977ರಲ್ಲಿ ಈ ಪದವನ್ನು ತುಂಬ ಚಿಕ್ಕ ಅರ್ಥದಲ್ಲಿ ಬಳಸಿದ್ದರು. ಚಿಮಣಿಯಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಕೆಳಕ್ಕಿಳಿಯುವ ಕಡಲ ಪ್ರವಾಹಕ್ಕೆ ಸೇರಿಸಿ ಆಳಕ್ಕೆ ಕಳಿಸುವುದು ಅವರ ಯೋಚನೆಯಾಗಿತ್ತು. ಆಮೇಲೆ ಪದ ಹಿಗ್ಗುತ್ತಾ ಹೋಯಿತು. 2009ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಒಂದು ವರದಿ ತಂದಿತು. ಮನುಷ್ಯರಿಂದಾದ ಹವಾಮಾನ ಬದಲಾವಣೆಯನ್ನು ಎದುರಿಸಲಿಕ್ಕಾಗಿ ಭೂಮಿಯ ಪರಿಸರವನ್ನು ಬೇಕೆಂದೇ, ದೊಡ್ಡ ಪ್ರಮಾಣದಲ್ಲಿ ಬದಲಿಸುವುದು ಅಂತ ಅದರಲ್ಲಿ ವಿವರಿಸಿದ್ದಾರೆ. ಈ ‘ಬೇಕೆಂದೇ’ ಅನ್ನುವುದು ಮುಖ್ಯ. ನಮ್ಮ ಪದದಲ್ಲೂ ಅದು ಹೇಗಾದರೂ ಬರಬೇಕು ಅನ್ನುವುದು ನನ್ನ ಆಸೆ.

ಯಾಕೆ ಅಂದರೆ, ಹಡಗುಗಳನ್ನೇ ನೋಡಿ. ಹಡಗಿನ ಎಣ್ಣೆಯಲ್ಲಿರುವ ಗಂಧಕ ಹೊಗೆಯಾಗಿ ಹೊರಬಂದು ಸಣ್ಣ ಕಣಗಳಾಗುತ್ತದೆ, ಆ ಕಣಗಳ ಸುತ್ತ ಹನಿ ಕಟ್ಟಿ ಕಡಲ ಮೇಲಿನ ಮೋಡ ಬೆಳ್ಳಗಾಗುತ್ತದೆ, ಬೆಳ್ಳಗಾದ ಮೋಡ ಬಿಸಿಲನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಹಡಗು ಹೋದ ದಾರಿಯುದ್ದಕ್ಕೂ ಬಿಳಿ ಗೆರೆ ಕಾಣುತ್ತದೆ. ಯಾರೂ ಭೂಮಿಯನ್ನು ತಂಪು ಮಾಡಲೆಂದು ಇದನ್ನು ಮಾಡಿದ್ದಲ್ಲ. 2020ರ ಜನವರಿಯಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಿದ್ದು ಜನರ ಶ್ವಾಸಕೋಶದ ಸಲುವಾಗಿ, ಮತ್ತು ಅದು ಒಳ್ಳೆಯ ಕೆಲಸವೇ. ಆದರೆ ಅದರ ಜೊತೆಗೆ ಆ ಬಿಳಿ ಗೆರೆಗಳೂ ಕಡಿಮೆಯಾದವು. ಈಗ ಇದನ್ನೇ ತಿರುಗಿಸಿ ನೋಡಿ. ಬ್ರಿಟನ್ನಿನ ವಿಜ್ಞಾನಿ ಜಾನ್ ಲೇತಮ್ 1990ರಲ್ಲಿ ಹೇಳಿದ್ದು ಇಷ್ಟು: ಕಡಲ ನೀರನ್ನೇ ನವಿರಾಗಿ ಮೇಲಕ್ಕೆ ಚಿಮ್ಮಿಸಿದರೆ ಉಪ್ಪಿನ ಕಣಗಳು ಮೋಡವನ್ನು ಬೆಳ್ಳಗೆ ಮಾಡಬಲ್ಲವು. ಮೋಡದಲ್ಲಿ ಆಗುವುದು ಎರಡೂ ಕಡೆ ಒಂದೇ. ಮೊದಲನೆಯದು ಮಾಲಿನ್ಯ, ಎರಡನೆಯದು ಜಿಯೋಎಂಜಿನಿಯರಿಂಗ್. ವ್ಯತ್ಯಾಸ ಇರುವುದು ಉದ್ದೇಶದಲ್ಲಿ ಮಾತ್ರ.

ಹಾಗಾಗಿ ‘ಹವಾಮಾನ ಬದಲಾವಣೆ’ಯ ಪಕ್ಕದಲ್ಲಿ ನಿಂತಾಗ ಬೇರೆಯಾಗಿ ಕಾಣುವ ಪದ ಬೇಕು. ಬದಲಾವಣೆ ತಾನಾಗಿಯೂ ಆಗಬಹುದು. ‘ಮಾರ್ಪಾಡು’ ಅಂದಾಗ ಯಾರೋ ಮಾಡಿದ್ದು ಅನ್ನುವ ಭಾವ ಇರುತ್ತದೆ ಅಂತ ನನ್ನ ಕಿವಿಗೆ ಅನ್ನಿಸುತ್ತದೆ. ನಿಮಗೂ ಹಾಗೇ ಕೇಳಿಸುತ್ತದಾ?

ಇನ್ನು ಪದದ ಮೊದಲ ಭಾಗ. ‘ಭೂ ಎಂಜಿನಿಯರಿಂಗ್’, ‘ಭೂ ತಂತ್ರಜ್ಞಾನ’ ಇವೆರಡನ್ನೂ ನಾನು ಬಿಟ್ಟಿದ್ದೇನೆ. ಓದಿದ ತಕ್ಷಣ ಬುನಾದಿ, ಸುರಂಗ, ಮಣ್ಣಿನ ಪರೀಕ್ಷೆ ಕಣ್ಣಮುಂದೆ ಬರುತ್ತವೆ. ಅದು ಸಿವಿಲ್ ಎಂಜಿನಿಯರಿಂಗ್‌ನವರ ಬೇರೆಯದೇ ವಿಭಾಗ. ‘ಭೂ ಅಭಿಯಂತ್ರಣ’ವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಉಳಿದದ್ದು ಹವೆ. ಅಲ್ಲಿ ನಮ್ಮದೇ ಒಂದು ಹಳೆಯ ತಕರಾರಿದೆ. ಹವಾಮಾನ ವರದಿ ಅಂದರೆ ಇವತ್ತಿನ ಮಳೆ ಬಿಸಿಲಿನ ಸುದ್ದಿ, ಹವಾಮಾನ ಬದಲಾವಣೆ ಅಂದರೆ ದಶಕಗಳ ಸಂಗತಿ. ಎರಡಕ್ಕೂ ಒಂದೇ ಪದ. ಶಾಲೆಯ ಪುಸ್ತಕಗಳಲ್ಲಿ ಎರಡನೆಯದಕ್ಕೆ ‘ವಾಯುಗುಣ’ ಅಂತ ಇದೆ, ಚೆನ್ನಾಗಿಯೂ ಇದೆ. ಪತ್ರಿಕೆಗಳು ಅದನ್ನು ಹೆಚ್ಚು ಬಳಸಲೇ ಇಲ್ಲ.

ಇಲ್ಲಿ ಆ ಗೊಂದಲದಿಂದ ನಿಜವಾದ ತೊಂದರೆ ಇದೆ. ‘ಮೋಡ ಬಿತ್ತನೆ’ ಎಲ್ಲರಿಗೂ ಗೊತ್ತು. ವಿಮಾನದಿಂದಲೋ ರಾಕೆಟ್‌ನಿಂದಲೋ ಸಿಲ್ವರ್ ಅಯೋಡೈಡ್‌ನಂಥ ಕಣಗಳನ್ನು ಮೋಡಕ್ಕೆ ಸೇರಿಸಿ ಮಳೆ ಬರಿಸಲು ನೋಡುವುದು. 1946ರಿಂದಲೂ ಇದರ ಪ್ರಯೋಗ ನಡೆದಿದೆ. ಒಂದು ಜಾಗದ, ಒಂದು ದಿನದ ಹವೆಗೆ ಸಂಬಂಧಿಸಿದ್ದು, ಹಾಗಾಗಿ ಸಾಮಾನ್ಯವಾಗಿ ಇದನ್ನು ಜಿಯೋಎಂಜಿನಿಯರಿಂಗ್ ಅಂತ ಎಣಿಸುವುದಿಲ್ಲ. ‘ಹವಾಮಾನ ಮಾರ್ಪಾಡು’ ಅಂತ ಬರೆದರೆ ಓದುಗರು ನೇರವಾಗಿ ಮೋಡ ಬಿತ್ತನೆಗೇ ಹೋಗಿ ನಿಲ್ಲುತ್ತಾರೆ. ‘ವಾಯುಗುಣ ಮಾರ್ಪಾಡು’ ಅಂದರೆ ಆ ತೊಂದರೆ ಇಲ್ಲ. ಸದ್ಯಕ್ಕೆ ನನ್ನ ಕರಡಿನಲ್ಲಿ ಇರುವುದು ಅದೇ.

(ಅಂದ ಹಾಗೆ ‘ಬಿತ್ತನೆ’ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಯಾವ ಸಮಿತಿಯ ಪಾರಿಭಾಷಿಕ ಪದಕೋಶವೂ ಇಷ್ಟು ಬೇಗ ಜನರ ಬಾಯಿಗೆ ಒಂದು ಪದ ತಂದುಕೊಟ್ಟಿರಲಾರದು. ಅಂಥದ್ದೇ ಒಂದು ಬೇಕು.)

ಈಗ ಬೇರೆಯವರು ಬಳಸುವ ಇತರ ಪದಗಳು. ಪರವಾಗಿ ಬರೆಯುವವರು ಭೂಮಿಗೆ ‘ಚಿಕಿತ್ಸೆ’, ‘ದುರಸ್ತಿ’ ಅನ್ನುತ್ತಾರೆ. ವಿರೋಧಿಸುವವರು ಪ್ರಕೃತಿಯಲ್ಲಿ ‘ಹಸ್ತಕ್ಷೇಪ’ ಅನ್ನುತ್ತಾರೆ. ಹಸ್ತಕ್ಷೇಪ ಅಂದರೆ ಕೈ ಹಾಕಬಾರದ ಕಡೆ ಕೈ ಹಾಕಿದ್ದು ಅಂತ ಆಗಲೇ ತೀರ್ಮಾನವಾಗಿಹೋಯಿತು. ‘ದುರಸ್ತಿ’ಯ ಮೇಲೆ ನನಗೆ ಇನ್ನೂ ದೊಡ್ಡ ಆಕ್ಷೇಪ ಇದೆ. ಅದು ವಿಷಯವನ್ನೇ ತಪ್ಪಾಗಿ ಹೇಳುತ್ತದೆ.

1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸ್ಫೋಟಿಸಿತು. ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಗಂಧಕದ ಡೈಆಕ್ಸೈಡ್ ಮೇಲಕ್ಕೆ ಹೋಗಿ, ಮಳೆಗೆ ಸಿಗದ ಎತ್ತರದಲ್ಲಿ ಕಣಗಳಾಗಿ ಹರಡಿಕೊಂಡಿತು. ಮುಂದಿನ ವರ್ಷ ಜಗತ್ತಿನ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು. ಇದನ್ನು ವಿಮಾನಗಳಿಂದ ನಾವೇ ಮಾಡಿದರೆ ಹೇಗೆ ಅನ್ನುವ ಮಾತು ಅದಕ್ಕೂ ಹಳೆಯದು. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬುದಿಕೊ 1974ರಲ್ಲೇ ಹೇಳಿದ್ದರು. ಆದರೆ ಅದು ಗಂಭೀರ ಚರ್ಚೆಗೆ ಬಂದದ್ದು 2006ರಲ್ಲಿ, ಓಜೋನ್ ಪದರದ ಸಂಶೋಧನೆಗೆ ನೊಬೆಲ್ ಪಡೆದಿದ್ದ ಪಾಲ್ ಕ್ರುಟ್ಸನ್ ಅದರ ಬಗ್ಗೆ ಲೇಖನ ಬರೆದಾಗ. ಹೀಗೆ ತಂಪು ಮಾಡಿದಾಗ ಏನಾಗುತ್ತದೆ? ಉಷ್ಣತೆ ಇಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಅಲ್ಲೇ ಇರುತ್ತದೆ. ಅದು ಕಡಲಿನಲ್ಲಿ ಕರಗುತ್ತಲೇ ಇರುತ್ತದೆ, ನೀರು ಆಮ್ಲದ ಕಡೆ ಸರಿಯುತ್ತಲೇ ಇರುತ್ತದೆ, ಚಿಪ್ಪು ಕಟ್ಟುವ ಜೀವಿಗಳ ಕಷ್ಟ ಹಾಗೇ ಮುಂದುವರಿಯುತ್ತದೆ. ಮಳೆಯ ಹಂಚಿಕೆಯೂ ಅದಲುಬದಲಾಗಬಹುದು. ಇದರಲ್ಲಿ ದುರಸ್ತಿಯಾಗಿದ್ದು ಯಾವುದು ಹೇಳಿ? ಮಕ್ಕಳಿಗೆ ಓದಲು ಕೊಡುವ ಲೇಖನದಲ್ಲಿ ಆ ಪದ ಹಾಕಲು ನನಗೆ ಮನಸ್ಸಿಲ್ಲ.

ಆಮೇಲೆ ಗೊತ್ತಾದದ್ದು, ಈ ತಲೆನೋವು ನಮಗೆ ಮಾತ್ರ ಇರುವುದಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2015ರಲ್ಲಿ ವರದಿ ತಂದಾಗ ಜಿಯೋಎಂಜಿನಿಯರಿಂಗ್ ಬಿಟ್ಟು ‘ಕ್ಲೈಮೇಟ್ ಇಂಟರ್ವೆನ್ಷನ್’ (ವಾಯುಗುಣದಲ್ಲಿ ಮಧ್ಯಪ್ರವೇಶ) ಅಂದವು. ಎಂಜಿನಿಯರಿಂಗ್ ಅಂದರೆ ಎಲ್ಲವೂ ಲೆಕ್ಕ ಹಾಕಿದ ಹಾಗೇ ನಡೆಯುತ್ತದೆ ಅನ್ನುವ ಭಾವ ಬರುತ್ತದಲ್ಲ, ಇಲ್ಲಿ ಅಷ್ಟು ಹಿಡಿತ ಯಾರಿಗೂ ಇಲ್ಲ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿ, ಭೂಮಿ 1.5 ಡಿಗ್ರಿ ಬಿಸಿಯಾಗುವುದರ ಬಗ್ಗೆ 2018ರಲ್ಲಿ ತಂದ ವರದಿಯಲ್ಲಿ ಇನ್ನೂ ಮುಂದೆ ಹೋಯಿತು. ಗಾಳಿಯಿಂದ ಇಂಗಾಲ ತೆಗೆಯುವುದು, ಬಿಸಿಲು ಕಡಿಮೆ ಮಾಡುವುದು ಇವೆರಡೂ ಬೇರೆ ಬೇರೆ ಅಂತ ಒಟ್ಟು ಹೆಸರನ್ನೇ ಕೈಬಿಟ್ಟಿತು. ಎರಡನೆಯದಕ್ಕೆ ಮೊದಲು ‘ಸೌರ ವಿಕಿರಣ ನಿರ್ವಹಣೆ’ ಅನ್ನುವ ಅರ್ಥದ ಹೆಸರಿತ್ತು. ‘ನಿರ್ವಹಣೆ’ ಇದ್ದ ಕಡೆ ‘ಮಾರ್ಪಾಡು’ ಅನ್ನುವ ಪದ ತಂದರು. ನಿರ್ವಹಣೆ ಅಂದರೆ ಸೂರ್ಯನೇ ನಮ್ಮ ಆಫೀಸಿಗೆ ಸೇರಿದ ಹಾಗೆ ಕೇಳುತ್ತದೆ. ಕನ್ನಡದಲ್ಲಿ ಇನ್ನೂ ಅಲ್ಲಲ್ಲಿ ‘ನಿರ್ವಹಣೆ’ ಅಂತಲೇ ಬರೆಯುವವರಿದ್ದಾರೆ, ದಯವಿಟ್ಟು ಬಿಡಿ.

ಇದನ್ನೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಒಂದು ಕಡೆ ನಿಂತಿದೆ. ಒಟ್ಟು ಹೆಸರನ್ನು ಆದಷ್ಟು ಕಡಿಮೆ ಬಳಸೋಣ. ಮಾಡುವ ಕೆಲಸ ಏನೋ ಅದನ್ನೇ ಹೇಳುವ ಪದಗಳನ್ನು ಬಳಸೋಣ. ಆಗ ಓದುಗರೇ ತೂಗಿ ನೋಡಬಹುದು.

ಬಿಸಿಲಿನ ಕಡೆಯದಕ್ಕೆ ನನ್ನಲ್ಲಿ ಮೂರು ಪದ ಇವೆ. ‘ಬಿಸಿಲು ತಡೆ’ ಚಿಕ್ಕದು, ಹೇಳಲು ಸುಲಭ. ಆದರೆ ಪೂರ್ತಿ ಅಡ್ಡ ಹಾಕಿದ ಹಾಗಾಗುತ್ತದೆ. ಚರ್ಚೆಯಲ್ಲಿರುವುದು ನೂರರಲ್ಲಿ ಒಂದೆರಡು ಪಾಲು ಬಿಸಿಲು ಕಡಿಮೆ ಮಾಡುವ ಮಾತು. ‘ಬಿಸಿಲು ಮರೆ’ಗೂ ಇದೇ ಕೊರತೆ ಸ್ವಲ್ಪ ಇದೆ, ಆದರೂ ಕಿವಿಗೆ ಹಿತ. ‘ಬಿಸಿಲು ತಗ್ಗಿಸುವಿಕೆ’ ಅರ್ಥದಲ್ಲಿ ಸರಿ, ಉದ್ದವಾಯಿತು, ಜೊತೆಗೆ ಹೊಗೆ ತಗ್ಗಿಸುವುದಕ್ಕೂ ಇದೇ ಕ್ರಿಯಾಪದ ಬಳಸುತ್ತೇವೆ, ಅಲ್ಲಿ ಗೊಂದಲ ಆಗುತ್ತದೆ. ನಾನು ‘ಬಿಸಿಲು ಮರೆ’ ಕಡೆ ವಾಲಿದ್ದೇನೆ.

ಇಂಗಾಲದ ಕಡೆ ಇನ್ನೂ ಎಚ್ಚರ ಬೇಕು. ‘ಇಂಗಾಲ ಸೆರೆ’ ಅಂತ ಎಲ್ಲದಕ್ಕೂ ಬರೆಯುತ್ತಿದ್ದಾರೆ. ಎರಡು ಬೇರೆ ಕೆಲಸಗಳು ಅದರಲ್ಲಿ ಬೆರೆತುಹೋಗಿವೆ. ಕಾರ್ಖಾನೆಯ ಚಿಮಣಿಯಲ್ಲೇ ಹಿಡಿದರೆ ಹೊಸ ಇಂಗಾಲ ಗಾಳಿಗೆ ಸೇರುವುದು ತಪ್ಪುತ್ತದೆ, ಅಷ್ಟೇ. ಬಯಲಿನ ಗಾಳಿಯಿಂದಲೇ ಎಳೆದು ತೆಗೆದರೆ ಈಗಾಗಲೇ ಇರುವುದು ಕಡಿಮೆಯಾಗುತ್ತದೆ. ಮೊದಲನೆಯದಕ್ಕೆ ಮಾತ್ರ ‘ಸೆರೆ’ ಇಟ್ಟುಕೊಂಡು ಎರಡನೆಯದಕ್ಕೆ ‘ಇಂಗಾಲ ಹೀರಿಕೆ’ ಅನ್ನೋಣ ಅಂತ ನನ್ನ ಸಲಹೆ. ಐಸ್‌ಲ್ಯಾಂಡಿನಲ್ಲಿ ಕ್ಲೈಮ್‌ವರ್ಕ್ಸ್ ಕಂಪನಿ 2021ರಲ್ಲಿ ಶುರು ಮಾಡಿದ ಓರ್ಕಾ ಘಟಕದ ಸಾಮರ್ಥ್ಯ ವರ್ಷಕ್ಕೆ 4,000 ಟನ್, 2024ರಲ್ಲಿ ಶುರುವಾದ ಮ್ಯಾಮತ್ ಘಟಕದ್ದು 36,000 ಟನ್. ಕಲ್ಲಿದ್ದಲು, ತೈಲ, ಅನಿಲದಿಂದ ಜಗತ್ತು ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ 3,700 ಕೋಟಿ ಟನ್‌ಗೂ ಜಾಸ್ತಿ. ಪದ ಎಷ್ಟೇ ಸರಿಯಾಗಿದ್ದರೂ ಪಕ್ಕದಲ್ಲಿ ಈ ಅಂಕಿ ಹಾಕದೆ ಬರೆಯಬಾರದು.

ಹೀರಿದ್ದನ್ನು ಏನು ಮಾಡುತ್ತಾರೆ ಅನ್ನುವಲ್ಲಿ ನಮ್ಮ ಭಾಷೆಯಲ್ಲೇ ಒಂದು ಒಳ್ಳೆಯ ಪದ ಕಾದು ಕೂತಿದೆ ಅನ್ನಿಸಿತು. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ವಿಧಾನದಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ನೆಲದಾಳದ ಬಸಾಲ್ಟ್ ಬಂಡೆಗೆ ಇಳಿಸುತ್ತಾರೆ. ಸೋಡಾದಂಥ ಆ ನೀರು ಬಂಡೆಯ ಸಂದುಗಳಿಗೆ ಇಳಿಯುತ್ತದೆ, ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸಿಕೊಳ್ಳುತ್ತದೆ, ಕೊನೆಗೆ ಬಿಳಿ ಕಾರ್ಬೊನೇಟ್ ಆಗಿ ಅಲ್ಲೇ ಗಟ್ಟಿಯಾಗುತ್ತದೆ. ಪ್ರಯೋಗದಲ್ಲಿ ಇಳಿಸಿದ್ದರ ಶೇ 95ಕ್ಕೂ ಹೆಚ್ಚು ಪಾಲು ಎರಡು ವರ್ಷದೊಳಗೆ ಕಲ್ಲಾಗಿತ್ತು ಅಂತ 2016ರಲ್ಲಿ ಪ್ರಕಟವಾಯಿತು. ಮಳೆನೀರನ್ನು ನೆಲಕ್ಕೆ ಇಂಗಿಸುತ್ತೇವಲ್ಲ, ಇದೂ ಅಕ್ಷರಶಃ ಇಂಗಿಸುವುದೇ. ‘ಇಂಗಾಲ ಇಂಗಿಸುವಿಕೆ’ ಅಂದರೆ ಹೇಗೆ? ‘ಸಂಗ್ರಹಣೆ’, ‘ದಾಸ್ತಾನು’ ಅಂದಾಗ ಮುಂದೆ ಬೇಕಾದಾಗ ತೆಗೆಯಲು ಇಟ್ಟ ಹಾಗಾಗುತ್ತದೆ.

ಕಡಲಿಗೆ ಕಬ್ಬಿಣದ ಪುಡಿ ಬೆರೆಸಿ ಪಾಚಿಯಂಥ ಸೂಕ್ಷ್ಮ ಸಸ್ಯಗಳನ್ನು ಬೆಳೆಸಿ ಅವುಗಳಿಂದ ಇಂಗಾಲ ಹೀರಿಸುವ ವಿಧಾನಕ್ಕೂ ಹೆಸರು ಬೇಕು. ‘ಸಾಗರ ಫಲೀಕರಣ’ ಅಂತ ಓದಿದ್ದೆ. ಫಲೀಕರಣ ಅಂದರೆ ಅಂಡ, ವೀರ್ಯದ ಕಡೆ ಹೋಗುತ್ತದೆ ಮನಸ್ಸು. ನೀರುಣಿಸುವುದು ಅನ್ನುವ ಹಾಗೆ ‘ಕಬ್ಬಿಣ ಉಣಿಸುವುದು’ ಸಾಕು. ಇಲ್ಲಿ ಒಂದು ಎಚ್ಚರಿಕೆ: 2009ರಲ್ಲಿ ಭಾರತ ಮತ್ತು ಜರ್ಮನಿ ಸೇರಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ನಡೆಸಿದ ಪ್ರಯೋಗದ ಹೆಸರು ಲೋಹಾಫೆಕ್ಸ್. ಅದರಲ್ಲಿರುವ ‘ಲೋಹಾ’ ಹಿಂದಿಯದು, ಕಬ್ಬಿಣ ಅಂತ ಅರ್ಥ. ಕನ್ನಡದ ಓದುಗರು ಯಾವುದೋ ಲೋಹ ಅಂದುಕೊಳ್ಳುತ್ತಾರೆ, ಬಿಡಿಸಿ ಹೇಳಿ. ಆ ಪ್ರಯೋಗದಲ್ಲಿ ಬೆಳೆದ ಸೂಕ್ಷ್ಮ ಸಸ್ಯಗಳನ್ನು ಚಿಕ್ಕ ಪ್ರಾಣಿಗಳು ಮೇಯ್ದುಬಿಟ್ಟವು, ಆಳಕ್ಕೆ ಇಳಿದ ಇಂಗಾಲ ತೀರಾ ಕಡಿಮೆ. 2010ರಲ್ಲಿ ಜೀವವೈವಿಧ್ಯ ಒಪ್ಪಂದದ ದೇಶಗಳು ಜಪಾನಿನ ನಗೋಯಾದಲ್ಲಿ ಸೇರಿ, ಸಣ್ಣ ವೈಜ್ಞಾನಿಕ ಪ್ರಯೋಗಗಳನ್ನು ಬಿಟ್ಟು ಜಿಯೋಎಂಜಿನಿಯರಿಂಗ್ ಕೆಲಸಗಳಿಗೆ ತಡೆ ಕೇಳಿದ್ದನ್ನೂ ಲೇಖನದಲ್ಲಿ ಸೇರಿಸುತ್ತಿದ್ದೇನೆ.

ಕೊನೆಯದು, ನನಗೆ ನಿಜಕ್ಕೂ ಹೊಳೆಯದೇ ಇರುವುದು. ಬಿಸಿಲು ಮರೆ ಮಾಡುತ್ತಾ ಒಳಗೊಳಗೇ ಇಂಗಾಲ ಜಾಸ್ತಿಯಾಗಲು ಬಿಟ್ಟು, ಯುದ್ಧವೋ ಹಣದ ಕೊರತೆಯೋ ಬಂದು ಅದನ್ನು ತಟ್ಟನೆ ನಿಲ್ಲಿಸಿದರೆ, ಅಷ್ಟು ದಿನ ಮುಚ್ಚಿಟ್ಟಿದ್ದ ತಾಪವೆಲ್ಲ ಕೆಲವೇ ವರ್ಷಗಳಲ್ಲಿ ಮೇಲೆ ಬೀಳುತ್ತದೆ. ಕಾಡಿಗೆ, ಬೆಳೆಗೆ, ಪ್ರಾಣಿಗಳಿಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ವಿಜ್ಞಾನಿಗಳು ಇದನ್ನು ‘ಟರ್ಮಿನೇಷನ್ ಶಾಕ್’ ಅನ್ನುತ್ತಾರೆ. ‘ಮುಕ್ತಾಯ ಆಘಾತ’ ಅಂದರೆ ಏನೂ ತಿಳಿಯುವುದಿಲ್ಲ. ‘ನಿಲುಗಡೆಯ ಹೊಡೆತ’ ಅಂತ ಬರೆದು ನೋಡಿದೆ, ‘ಮರೆ ತೆಗೆದ ಹೊಡೆತ’ ಅಂತಲೂ ನೋಡಿದೆ. ಎರಡನೆಯದು ಅರ್ಥಕ್ಕೆ ಹತ್ತಿರ, ಆದರೆ ‘ಬಿಸಿಲು ಮರೆ’ಯನ್ನು ಮೊದಲು ಒಪ್ಪಿಕೊಂಡರೆ ಮಾತ್ರ ಅದು ನಿಲ್ಲುತ್ತದೆ. ಇದಕ್ಕೆ ಯಾರಾದರೂ ಒಂದು ಪದ ಕೊಟ್ಟರೆ ತುಂಬ ಉಪಕಾರವಾಗುತ್ತದೆ. ಹಾಗೇ ಗಾಳಿಯಲ್ಲಿ ತೇಲುವ ಸಣ್ಣ ಕಣಗಳಿಗೆ, ಅಂದರೆ ‘ಏರೋಸಾಲ್’ಗೆ, ‘ತೇಲುಕಣ’ ಅಂತ ಯಾರಾದರೂ ಬಳಸಿದ್ದೀರಾ, ಓದುಗರು ಒಪ್ಪಿದರಾ ಅಂತಲೂ ತಿಳಿಸಿ.