ಹನ್ನೆರಡೂಕಾಲಿನ ಅಲಾರಂ

"ರಾತ್ರಿ ಹನ್ನೆರಡೂಕಾಲಿಗೆ ಅಲಾರಂ ಇಟ್ಟಿದ್ದೇನೆ" ಎಂದ ಶೀನ.

"ಯಾಕೋ, ಎಲ್ಲಿಗಾದರೂ ಹೊರಟಿದ್ದೀಯಾ?" ಎಂದು ಕೇಳಿದಳು ಪದ್ಮ.

"ಇಲ್ಲ, ಒಂದು ಸಿನಿಮಾ ನೋಡಬೇಕು."

"ಯಾವ ಚಾನೆಲ್ಲಿನಲ್ಲಿ ಬರುತ್ತೆ?"

"ಚಾನೆಲ್ ಯಾಕೆ? ನನ್ನ ಲ್ಯಾಪ್‌ಟಾಪಿನಲ್ಲೇ ಇದೆ."

ರಾಯರು ಓದುತ್ತಿದ್ದ ಪೇಪರ್ ಮಡಿಚಿಟ್ಟರು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ ನಾಣಿ ಒಂದೇ ಒಂದು ಕಣ್ಣು ತೆರೆದ. ನಾಣಿ ಒಂದು ಕಣ್ಣು ತೆರೆದ ಅಂದರೆ ಯಾರಿಗೋ ಕಾದಿದೆ ಅಂತಲೇ ಲೆಕ್ಕ.

"ಲೋ ಶೀನ, ಗಂಟೆ ಇನ್ನೂ ಒಂಬತ್ತು. ಸಿನಿಮಾ ಇಲ್ಲೇ ಇದೆ. ಈಗಲೇ ಹಾಕಬಹುದಲ್ವಾ?"

"ಈಗ ನೋಡಿದರೆ ಅದು ಬರೀ ಸಿನಿಮಾ. ಹನ್ನೆರಡೂಕಾಲಿಗೆ ಎದ್ದು ನೋಡಿದರೆ ಕಲ್ಟ್ ಸಿನಿಮಾ."

"ಅಂದರೆ ನಿದ್ದೆ ಕೆಟ್ಟಷ್ಟೂ ಸಿನಿಮಾ ಒಳ್ಳೇದಾಗುತ್ತೆ?"

"ನಿಮಗೆ ಅರ್ಥ ಆಗೋಲ್ಲ ಬಿಡಿ. ಅದಕ್ಕೊಂದು ವಾತಾವರಣ ಬೇಕು. ಹಳೇ ಟೇಪಿನ ಹಾಗೆ ಪರದೆ ತುಂಬ ಗೆರೆ ಓಡೋ ಫಿಲ್ಟರ್ ಒಂದನ್ನು ಕೊಂಡುಕೊಂಡಿದ್ದೇನೆ."

"ಆ ಗೆರೆ ಹೋಗಲಿ ಅಂತ ನಾವು ಟಿವಿಯ ನೆತ್ತಿಗೆ ಕುಟ್ಟುತ್ತಿದ್ದೆವು" ಎಂದ ನಾಣಿ. "ಈಗ ಬರಲಿ ಅಂತ ದುಡ್ಡು ಕೊಡ್ತಾರೆ! ಇನ್ನೇನೇನು ಮಾಡ್ತೀಯಪ್ಪ?"

"ಲೈಟ್ ಆರಿಸ್ತೀನಿ. ಪರದೆ ಹತ್ತಿರ ಹೋಗಿ ಕೂರ್ತೀನಿ. ಸೌಂಡ್ ತುಂಬಾ ಕಮ್ಮಿ ಇಡ್ತೀನಿ."

"ಸೌಂಡ್ ಯಾಕೆ ಕಮ್ಮಿ? ಈ ಮನೇಲಿ ಇರೋದು ನೀನೊಬ್ಬನೇ ಅಲ್ವೇನೋ?"

ಶೀನ ಸ್ವಲ್ಪ ನಾಚಿಕೊಂಡ. "ಎಲ್ಲರೂ ಮಲಗಿದ್ದಾರೆ ಅನ್ನೋ ಫೀಲ್ ಬರಬೇಕಲ್ಲ."

ಪದ್ಮ ನಗು ತಡೆಯಲಾರದೆ ಆ ಕಡೆ ತಿರುಗಿದಳು. ಈ ಹುಚ್ಚು ಎಲ್ಲಿಂದ ಅಂಟಿತಪ್ಪಾ ಎಂದು ರಾಯರು ವಿಚಾರಿಸಿದರು. ಕೇಳಬಾರದಿತ್ತು. ಶೀನ ನೆಟ್ಟಗೆ ಕೂತ.

"ಬಿಬಿಸಿಯ ಎರಡನೇ ಚಾನೆಲ್ಲಿನಲ್ಲಿ ಮೂವಿಡ್ರೋಮ್ ಅಂತ ಬರುತ್ತಿತ್ತು ರಾಯರೇ. ಭಾನುವಾರ ರಾತ್ರಿ. 1988ರಲ್ಲಿ ಶುರುವಾಗಿದ್ದು. ಅಲೆಕ್ಸ್ ಕಾಕ್ಸ್ ಅಂತ, ಸ್ವತಃ ಸಿನಿಮಾ ನಿರ್ದೇಶಕ. ಅವನು ಬಂದು ಮೊದಲು ನಾಲ್ಕು ಮಾತು ಹೇಳೋನು, ಆಮೇಲೆ ಸಿನಿಮಾ. ಶುರು ಮಾಡಿದ್ದೇ 'ದ ವಿಕರ್ ಮ್ಯಾನ್'ನಿಂದ. ಆಹಾ! ಆ ಭಾನುವಾರಗಳು ಇನ್ನು ಬರೋಲ್ಲ ಬಿಡಿ." ಅವನ ಗಂಟಲು ನಿಜವಾಗಿಯೂ ಕಟ್ಟಿತ್ತು.

ನಾಣಿಯ ಎರಡನೇ ಕಣ್ಣೂ ತೆರೆಯಿತು.

"ನೀನು ಹುಟ್ಟಿದ್ದು ಯಾವಾಗ?"

"1996."

"ಆ ಕಾಕ್ಸ್ ಕಾರ್ಯಕ್ರಮ ಬಿಟ್ಟಿದ್ದು?"

"1994." ಶೀನನ ದನಿ ಸಣ್ಣದಾಯಿತು. ಆಮೇಲೆ ಹುಮ್ಮಸ್ಸು ಬಂತು. "ಆದರೆ 1997ರಲ್ಲಿ ಮತ್ತೆ ಶುರುವಾಯಿತು! ಮಾರ್ಕ್ ಕಸಿನ್ಸ್ ನಡೆಸಿದ. 2000ದವರೆಗೂ ಇತ್ತು."

"ಸರಿ, ಆಗ ನೀನು ತೊಟ್ಟಿಲಲ್ಲಿದ್ದೆ. ನಡುರಾತ್ರಿ ಎಚ್ಚರವೇನೋ ಇದ್ದಿರ್ತೀಯ, ಕಾರಣ ಬೇರೆ."

"ನೋಡಿರಲೇಬೇಕು ಅಂತ ಏನಿದೆ ನಾಣಿಯಣ್ಣ? ಹಂಬಲ ಇದ್ದರೆ ಸಾಲದಾ?"

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದ್ದೀನಿ ಕಣೋ. ಅವರಿಗಾದರೂ ಒಂದು ಆಸೆ ಇರುತ್ತೆ. ನೀನು ಯಾರದೋ ಮನೆಯ ಕೂಸಿನ ಹಳೇ ಕುಲಾವಿ ಹಿಡಿದುಕೊಂಡು, ಅಯ್ಯೋ ಎಷ್ಟು ಬೇಗ ಬೆಳೆದುಬಿಟ್ಟಿತು ಅಂತ ಅಳ್ತಿದ್ದೀಯಲ್ಲೋ!"

ರಾಯರು ತೊಡೆ ತಟ್ಟಿಕೊಂಡು ನಕ್ಕರು. ಶೀನನ ಕಡೆಗೂ ಒಬ್ಬರಿರಲಿ ಅಂತಲೋ ಏನೋ, ಪದ್ಮ ಬಾಯಿ ಹಾಕಿದಳು.

"ಅವನನ್ನೇ ಯಾಕೆ ಅಂತೀಯ? ಇದು ಇವತ್ತಿನದಲ್ಲ. ಲಾಸ್ ಏಂಜಲೀಸಿನ ಟಿವಿಯಲ್ಲಿ 1954ರಲ್ಲೇ ವ್ಯಾಂಪೈರಾ ಅಂತ ಒಬ್ಬಳು ಬರುತ್ತಿದ್ದಳು. ಕಪ್ಪು ಬಟ್ಟೆ, ಇಷ್ಟುದ್ದ ಉಗುರು. ಕಿಟಾರನೆ ಕಿರುಚಿ, ದೆವ್ವದ ಸಿನಿಮಾ ತೋರಿಸೋದು. ಆಮೇಲೆ 1981ರಲ್ಲಿ ಎಲ್ವೈರಾ ಬಂದಳು. ಹೆಚ್ಚುಕಮ್ಮಿ ಅದೇ ವೇಷ, ಬಾಯಿ ಇನ್ನೂ ಜೋರು. ಜನ ಸಿನಿಮಾಗಿಂತ ಅವಳನ್ನ ನೋಡೋಕೆ ಕೂರೋರು."

"ದೆವ್ವದ ಸಿನಿಮಾಗೆ ದೆವ್ವವೇ ಪರಿಚಯ ಹೇಳೋದು ಒಳ್ಳೇ ಪದ್ಧತಿ" ಎಂದರು ರಾಯರು.

"ಪದ್ಧತಿಯೂ ಅಲ್ಲ, ಕಲಾಸೇವೆಯೂ ಅಲ್ಲ. ಸುಮ್ನೆ ವ್ಯಾಪಾರ" ಎಂದ ನಾಣಿ. "1957ರಲ್ಲಿ ಯೂನಿವರ್ಸಲ್ ಕಂಪನಿಯ 52 ಹಳೇ ಸಿನಿಮಾಗಳನ್ನು ಒಂದೇ ಗಂಟು ಕಟ್ಟಿ ಅಮೆರಿಕದ ಟಿವಿಗಳಿಗೆ ಮಾರಿದರು. ಶಾಕ್ ಅಂತ ಆ ಗಂಟಿನ ಹೆಸರು. ನಡುರಾತ್ರಿ ಜಾಹೀರಾತು ಕೊಡೋರು ಕಮ್ಮಿ. ಅಗ್ಗದ ಹೊತ್ತಿಗೆ ಅಗ್ಗದ ಸಿನಿಮಾ. ಸ್ಟೇಷನ್ನಿನಲ್ಲಿ ಹವಾಮಾನ ಹೇಳೋನಿಗೆ ಒಂದು ಕಪ್ಪು ನಿಲುವಂಗಿ ಹಾಕಿಸಿ, ಹೋಗು, ಹೆದರಿಸು ಅಂತ ಕಳಿಸಿದರೆ ಆಯಿತು, ಕಾರ್ಯಕ್ರಮ ರೆಡಿ."

"ಮತ್ತೆ ಅದೊಂದು ಹೆಣಗಳ ಸಿನಿಮಾ..." ಎಂದ ಶೀನ.

"1968ರದು" ಎಂದ ನಾಣಿ. "'ನೈಟ್ ಆಫ್ ದ ಲಿವಿಂಗ್ ಡೆಡ್'. ಬಿಡುಗಡೆ ಹೊತ್ತಿಗೆ ಹೆಸರು ಬದಲಾಯಿಸಿದರು. ಬದಲಾಯಿಸುವಾಗ ಹಳೇ ಹೆಸರಿನ ಜೊತೆಗಿದ್ದ ಕಾಪಿರೈಟ್ ಹಕ್ಕಿನ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಯಾರು ಬೇಕಾದರೂ ಬಿಟ್ಟಿ ತೋರಿಸಬಹುದು, ತೋರಿಸಿದರು. ಊರಿನ ಹೆಣವೆಲ್ಲ ಎದ್ದು ಓಡಾಡೋ ಸಿನಿಮಾ, ಅದರ ಮಾಲೀಕರು ಮಾತ್ರ ಏಳಲಿಲ್ಲ."

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ರೋಬೋಟ್‌ಗಳ ಜೊತೆ ಕೂತು ಕೆಟ್ಟ ಸಿನಿಮಾಗಳನ್ನು ಗೇಲಿ ಮಾಡೋ ಕಾರ್ಯಕ್ರಮವೂ 1988ರಲ್ಲೇ ಅಮೆರಿಕದಲ್ಲಿ ಶುರುವಾಗಿತ್ತು, ಪರದೆಯ ಕೆಳಗೆ ಅವರ ತಲೆಗಳ ನೆರಳು ಕಾಣುತ್ತಿತ್ತು ಎಂದಳು ಪದ್ಮ. "ಥಿಯೇಟರಿನಲ್ಲಿ ನಮ್ಮ ಹಿಂದಿನ ಸಾಲಿನವರು ಇದನ್ನೇ ಸಂಬಳ ಇಲ್ಲದೆ ಮಾಡುತ್ತಿದ್ದರು" ಎಂದರು ರಾಯರು. ಮುಂದೆ ಕೂತವನ ತಲೆಯ ನೆರಳೂ ಆಗ ಟಿಕೆಟ್ಟಿನಲ್ಲೇ ಸೇರಿತ್ತಂತೆ.

ನಾಣಿಗೆ ಈಗ ಪೂರ್ತಿ ಎಚ್ಚರ. ಕಾಲು ಮಡಿಚಿ ಕೂತ. "ಆ ವ್ಯಾಂಪೈರಾನೇ ಆಮೇಲೆ ಒಂದು ಸಿನಿಮಾದಲ್ಲಿ ಮಾಡಿದಳು. 'ಪ್ಲಾನ್ ನೈನ್ ಫ್ರಮ್ ಔಟರ್ ಸ್ಪೇಸ್'. ಎಡ್ ವುಡ್ ಅನ್ನೋನು ತೆಗೆದಿದ್ದು. ಡ್ರಾಕುಲಾ ಖ್ಯಾತಿಯ ಬೇಲಾ ಲುಗೋಸಿ ಒಂದಿಷ್ಟು ದೃಶ್ಯ ಮಾಡಿಕೊಟ್ಟು 1956ರಲ್ಲಿ ಸತ್ತೇಹೋದ. ಇವನೇನು ಬಿಟ್ಟನಾ? ತನ್ನ ಹೆಂಡತಿಯ ಬೆನ್ನು ನೋವಿನ ಡಾಕ್ಟರನ್ನು ಕರೆದುಕೊಂಡು ಬಂದು ನಿಲ್ಲಿಸಿದ. ಅವನಿಗೆ ಲುಗೋಸಿಯ ಮುಖವೂ ಇಲ್ಲ, ಎತ್ತರವೂ ಬೇರೆ. ಅದಕ್ಕೆ ಸಿನಿಮಾ ಪೂರ್ತಿ ನಿಲುವಂಗಿಯಿಂದ ಮೂಗು ಬಾಯಿ ಮುಚ್ಚಿಕೊಂಡೇ ಓಡಾಡ್ತಾನೆ."

"ಯಾರಿಗೂ ಗೊತ್ತಾಗಲಿಲ್ವಾ?"

"ಎಲ್ಲರಿಗೂ ಗೊತ್ತಾಯಿತು! ಅದೇ ಮಜಾ. ಇವತ್ತು ಆ ಸಿನಿಮಾ ಮುಂದೆ ಬಂದರೆ ನಿನ್ನ ಆಪ್ ಏನು ಹೇಳುತ್ತೆ? 'ನಿಮಗೆ ಹೇಳಿ ಮಾಡಿಸಿದ ಸಿನಿಮಾ' ಅನ್ನುತ್ತೆ. ಅದಕ್ಕೆ ಜಗತ್ತಿನ ಸಿನಿಮಾ ಎಲ್ಲಾ ನಮಗೇ ಹೇಳಿ ಮಾಡಿಸಿದ್ದು. ಆಗ ಒಬ್ಬ ಮನುಷ್ಯ ಬಂದು ನಿಂತು, 'ಇದರ ಮೊದಲರ್ಧ ಏನೂ ಚೆನ್ನಾಗಿಲ್ಲ, ಆದರೂ ಎದ್ದು ಹೋಗಬೇಡಿ, ಒಂದು ಬಾಗಿಲು ತೆಗೆಯೋ ದೃಶ್ಯ ಇದೆ' ಅಂತ ಹೇಳೋನು. ಆ ಬಾಗಿಲಿಗೋಸ್ಕರ ಕೂರ್ತಿದ್ದೆವು. ಈಗ ಬಾಗಿಲು ಬರೋ ಮುಂಚೆ ಮುಂದಿನ ಸಿನಿಮಾಗೆ ಹತ್ತು, ಒಂಬತ್ತು, ಎಂಟು ಅಂತ ಎಣಿಸೋಕೆ ಶುರು."

"ನಾಣಿ, ನಿನಗೂ ಹತ್ತಿದೆ" ಎಂದಳು ಪದ್ಮ. "ಕುಲಾವಿ ಈಗ ಯಾರ ಕೈಲಿದೆ?"

"ನಾನು ನೋಡಿದ್ದೀನಿ ಕಣೇ! ಬಿಬಿಸಿ ಅಲ್ಲ, ಯಾವುದೋ ಒಂದು. ನೋಡಿದೋನು ಅತ್ತರೆ ತಪ್ಪೇನಿಲ್ಲ."

"ಏನು ನೋಡಿದ್ದಿರಿ?" ಎಂದು ಕೇಳಿದ ಶೀನ.

ನಾಣಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಅದೇ ಒಂದು ವಿಶೇಷ.

"ಹೆಸರು ಗೊತ್ತಿಲ್ಲ. ಶುರುವೂ ನೋಡಿಲ್ಲ. ಕಪ್ಪು ಬಿಳುಪು. ಒಂದು ದೊಡ್ಡ ಖಾಲಿ ಹೋಟೆಲು, ಒಬ್ಬ ಮುದುಕ. ಎಲ್ಲ ಕೋಣೆಗಳ ಬೀಗದ ಕೈ ಅವನ ಹತ್ತಿರ ಇದೆ, ಒಂದು ಕೋಣೆಯದು ಮಾತ್ರ ಇಲ್ಲ. ಒಂದೊಂದೇ ಕೀಲಿ ಆ ಬಾಗಿಲಿಗೆ ಹಾಕಿ ನೋಡ್ತಾನೆ. ನನಗೆ ಅಲ್ಲೇ ನಿದ್ದೆ ಬಂತು. ಎದ್ದಾಗ ಪರದೆ ತುಂಬ ಇರುವೆ ಓಡಾಡ್ತಿದ್ದವು."

"ಅಷ್ಟೇನಾ?"

"ಅಷ್ಟೇ. ಅಪ್ಪ ಪಕ್ಕದ ಕೋಣೇಲಿ ಮಲಗಿರೋರು. ನಾನು ಟಿವಿ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ಕೂತಿರೋನು. ಅವರು ಕೆಮ್ಮಿದರೆ ತಕ್ಷಣ ಆರಿಸಿ ಕತ್ತಲಲ್ಲಿ ಕೂರೋದು. ಕೆಮ್ಮು ನಿಂತ ಮೇಲೆ ಮತ್ತೆ ಹಾಕೋದು. ಅವತ್ತು ನಾಲ್ಕು ಸಲ ಆರಿಸಿದೆ. ಹಾಗಾಗಿ ನನ್ನ ಸಿನಿಮಾದಲ್ಲಿ ನಾಲ್ಕು ಕಡೆ ಅಪ್ಪನ ಕೆಮ್ಮು ಇದೆ." ಶೀನನ ಕಡೆ ತಿರುಗಿದ. "ನಿನ್ನ ಫಿಲ್ಟರಿನಲ್ಲಿ ಅದು ಬರುತ್ತೇನೋ?"

ಶೀನ ಮಾತಾಡಲಿಲ್ಲ. ಲ್ಯಾಪ್‌ಟಾಪ್ ಎಳೆದುಕೊಂಡು ಟೈಪ್ ಮಾಡತೊಡಗಿದ. ಹೋಟೆಲು, ಮುದುಕ, ಬೀಗದ ಕೈ. ಅಂಥದ್ದನ್ನೆಲ್ಲ ಹುಡುಕಿಕೊಡೋ ಜನ ಇದ್ದಾರಂತೆ, ಅವರಿಗೆ ರಾತ್ರಿ ಬೇರೆ ಕೆಲಸ ಇಲ್ಲವಂತೆ. ನಾಣಿ ಬೇಡ ಬೇಡ ಎನ್ನುತ್ತಲೇ ಕುತ್ತಿಗೆ ಚಾಚಿ ನೋಡುತ್ತಿದ್ದ. ಒಬ್ಬ ಒಂದು ಹೆಸರು ಹೇಳಿದ, ಅದಲ್ಲ. ಇನ್ನೊಬ್ಬ ಇನ್ನೊಂದು ಹೇಳಿದ, ಅದರಲ್ಲಿ ಮುದುಕನೇ ಇಲ್ಲ. ಹನ್ನೊಂದು ದಾಟಿತು, ಹನ್ನೆರಡಾಯಿತು. ಮೂರನೆಯದರ ಒಂದು ಚಿತ್ರ ಪರದೆ ಮೇಲೆ ಬಂದಾಗ ನಾಣಿ "ಹಾಂ" ಎಂದ. ಬೇರೇನೂ ಹೇಳಲಿಲ್ಲ. ಅಷ್ಟರಲ್ಲಿ ಅಲಾರಂ ಹೊಡೆಯಿತು, ನಾಲ್ವರೂ ಬೆಚ್ಚಿದರು.

ಲೈಟ್ ಆರಿಸಿದರು. ಫಿಲ್ಟರ್ ಬೇಡ ಎಂದು ಶೀನನೇ ತೆಗೆದ. ಹೋಟೆಲು ಬಂತು. ಮುದುಕ ಬಂದ. ಅರ್ಧ ಗಂಟೆ ಏನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಸಿನಿಮಾ ಅಷ್ಟೇನೂ ಚೆನ್ನಾಗಿರಲಿಲ್ಲ. ಆಮೇಲೆ ಮುದುಕ ಕೀಲಿಗೊಂಚಲು ತೆಗೆದು ಆ ಬಾಗಿಲ ಮುಂದೆ ನಿಂತ.

"ನಾಣಿಯಣ್ಣ, ಬಂತು ಬಂತು, ನಿಮ್ಮ ಬಾಗಿಲು!" ಎಂದ ಶೀನ.

ಗೊರಕೆ ಕೇಳಿಸಿತು. ಗೋಡೆಗೆ ಒರಗಿದ್ದ ನಾಣಿಯ ತಲೆ ಪಕ್ಕಕ್ಕೆ ವಾಲಿತ್ತು. ಎಬ್ಬಿಸಬೇಡ ಎಂದು ಪದ್ಮ ಕೈಸನ್ನೆ ಮಾಡಿದಳು. ಶೀನ ಮೆಲ್ಲಗೆ ಸೌಂಡ್ ಕಮ್ಮಿ ಮಾಡಿದ. ಮೂವರೂ ಪರದೆ ಹತ್ತಿರಕ್ಕೆ ಸರಿದುಕೊಂಡರು.

ಮುದುಕ ಐದನೆಯ ಕೀಲಿ ಹಾಕುವಾಗ ರಾಯರಿಗೆ ಕೆಮ್ಮು ಬಂತು. ತಡೆದುಕೊಂಡರು. ಆಗಲಿಲ್ಲ.

ನಾಣಿ ಏಳಲಿಲ್ಲ. ಬಲಗೈ ಮಾತ್ರ ಮುಂದೆ ಚಾಚಿ ಕತ್ತಲಲ್ಲಿ ಏನನ್ನೋ ತಡಕಿತು.