ಸಿಂಕ್ ಕೆಲಸಗಳು ಒಂದು ಮುಗಿದ ಮೇಲೆ ಇನ್ನೊಂದು ನಡೆಯುವಂತೆ ಮಾಡುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಪ್ರತಿ ರಾತ್ರಿ ಮೂರು ಸಿಂಕ್ ಕೆಲಸಗಳು ತಾವಾಗಿಯೇ ನಡೆಯುವಂತೆ ಹೊಂದಿಸಿದ್ದೇನೆ. ಮೊದಲನೆಯದು ಫೋನಿನ ಚಿತ್ರ ಮತ್ತು ವಿಡಿಯೊಗಳನ್ನು ಗಣಕಕ್ಕೆ ತರುತ್ತದೆ, ಎರಡನೆಯದು ಆ ಫೋಲ್ಡರನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ನಕಲಿಸುತ್ತದೆ, ಮೂರನೆಯದು ಅದನ್ನೇ ನೆಟ್‌ವರ್ಕಿನಲ್ಲಿರುವ ಮತ್ತೊಂದು ಯಂತ್ರಕ್ಕೆ ಕಳಿಸುತ್ತದೆ. ಒಂದೊಂದಕ್ಕೂ ಅರ್ಧ ಗಂಟೆ ಅಂತರವಿಟ್ಟು ಸಮಯ ನಿಗದಿ ಮಾಡಿದ್ದೇನೆ. ಆದರೆ ದೊಡ್ಡ ವಿಡಿಯೊಗಳಿದ್ದ ದಿನ ಮೊದಲನೆಯದು ಇನ್ನೂ ಓಡುತ್ತಿರುವಾಗಲೇ ಎರಡನೆಯದು ಶುರುವಾಗಿಬಿಡುತ್ತದೆ. ಎರಡೂ ನಿಧಾನವಾಗುತ್ತವೆ, ಹಾರ್ಡ್ ಡಿಸ್ಕಿನಲ್ಲಿ ಅರ್ಧಂಬರ್ಧ ಕಡತಗಳು ಉಳಿಯುತ್ತವೆ. ಅಂತರವನ್ನು ಹೆಚ್ಚಿಸುವ ಬದಲು, ಒಂದು ಮುಗಿದ ಮೇಲಷ್ಟೇ ಮುಂದಿನದು ಆರಂಭವಾಗುವಂತೆ ಮಾಡಲು ಸಾಧ್ಯವೇ? ನಡುವೆ ನಾನೇ ಕೈಯಾರೆ ಇನ್ನೊಂದು ಕೆಲಸ ಸೇರಿಸಿದರೆ ಅದೂ ಸರತಿಯಲ್ಲಿ ಕಾಯಬೇಕು. ಮನೆಯ ಗಣಕದಲ್ಲಿ ಲಿನಕ್ಸ್, ಕಚೇರಿಯದರಲ್ಲಿ ವಿಂಡೋಸ್ ಇದೆ. ಎರಡಕ್ಕೂ ದಾರಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಮೂರು ಕೆಲಸಗಳಿಗೆ ಮೂರು ವೇಳಾಪಟ್ಟಿ ಇರುವುದೇ ಇಲ್ಲಿನ ತೊಂದರೆ. ವೇಳಾಪಟ್ಟಿ ಒಂದೇ ಇರಲಿ. ಅದು ಒಂದು ಸ್ಕ್ರಿಪ್ಟನ್ನು ಎಬ್ಬಿಸಲಿ. ಮೂರು ಆದೇಶಗಳೂ ಆ ಸ್ಕ್ರಿಪ್ಟಿನಲ್ಲಿ ಒಂದರ ಕೆಳಗೊಂದು ಇರಲಿ. ವಿಂಡೋಸ್ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದೇ ಟಾಸ್ಕಿಗೆ 32ರವರೆಗೆ ಆಕ್ಷನ್‌ಗಳನ್ನು ಸೇರಿಸಬಹುದು, ಅವು ಸಾಲಾಗಿಯೇ ನಡೆಯುತ್ತವೆ. ಆದರೆ ಮೊದಲನೆಯದು ಗೆದ್ದಿತೇ ಸೋತಿತೇ ಎಂದು ಅದು ನೋಡುವುದಿಲ್ಲವಾದ್ದರಿಂದ ನಾನು ಸ್ಕ್ರಿಪ್ಟನ್ನೇ ಶಿಫಾರಸು ಮಾಡುತ್ತೇನೆ.

ಬ್ಯಾಚ್ ಕಡತ, ಅಂದರೆ ವಿಂಡೋಸಿನ ಸ್ಕ್ರಿಪ್ಟ್, ಬರೆಯುವಾಗ ಎರಡು ಕಡೆ ಎಚ್ಚರ ಬೇಕು. ಒಂದು ಬ್ಯಾಚ್ ಕಡತದಿಂದ ಇನ್ನೊಂದನ್ನು ಕರೆಯುವಾಗ ಮುಂದೆ ‘ಕಾಲ್’ ಎಂದು ಬರೆಯದಿದ್ದರೆ ನಿಯಂತ್ರಣ ಹಿಂದಿರುಗಿ ಬರುವುದೇ ಇಲ್ಲ, ಹಾಗಾಗಿ ಎರಡನೆಯ ಕೆಲಸ ಎಂದೂ ಶುರುವಾಗುವುದಿಲ್ಲ. ‘ಸ್ಟಾರ್ಟ್’ ಆದೇಶದ ತೊಂದರೆ ಇದಕ್ಕೆ ತದ್ವಿರುದ್ಧ: ‘ವೇಟ್’ ಆಯ್ಕೆ ಕೊಡದಿದ್ದರೆ ಅದು ಪ್ರೋಗ್ರಾಮನ್ನು ಎಬ್ಬಿಸಿ ತಕ್ಷಣ ಮುಂದಿನ ಸಾಲಿಗೆ ಹೋಗುತ್ತದೆ, ಆಗ ನೀವು ಮತ್ತೆ ಮೊದಲಿದ್ದಲ್ಲಿಗೇ ಬಂದಂತೆ.

ಇನ್ನು ಎಕ್ಸಿಟ್ ಕೋಡ್, ಅಂದರೆ ಆದೇಶ ಮುಗಿದಾಗ ಫಲಿತಾಂಶ ತಿಳಿಸಲು ಕೊಡುವ ಸಂಖ್ಯೆ. ಸಾಮಾನ್ಯವಾಗಿ 0 ಎಂದರೆ ಯಶಸ್ಸು, ಉಳಿದದ್ದೆಲ್ಲ ಸೋಲು; ಎರಡು ಆದೇಶಗಳ ನಡುವೆ && ಹಾಕಿದರೆ ಮೊದಲನೆಯದು 0 ಕೊಟ್ಟಾಗ ಮಾತ್ರ ಎರಡನೆಯದು ನಡೆಯುತ್ತದೆ. ವಿಂಡೋಸಿನ ನಕಲು ಆದೇಶವಾದ ರೋಬೋಕಾಪಿ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ನಕಲಿಸಲು ಏನೂ ಇರಲಿಲ್ಲವೆಂದರೆ 0, ಕಡತಗಳು ಸರಿಯಾಗಿ ನಕಲಾದರೆ 1, ಗುರಿಯ ಫೋಲ್ಡರಿನಲ್ಲಿ ಹೆಚ್ಚುವರಿ ಕಡತಗಳು ಕಂಡರೆ 2, ಇವೆರಡೂ ಸೇರಿದರೆ 3. ನಿಜವಾದ ಸೋಲು 8ರಿಂದ ಶುರು. ಆದ್ದರಿಂದ && ನಂಬಿದರೆ ಹೊಸ ಚಿತ್ರ ಬಂದ ರಾತ್ರಿಯೇ ಸರತಿ ನಿಂತುಹೋಗುತ್ತದೆ, ಏನೂ ಬಾರದ ರಾತ್ರಿ ಸಲೀಸಾಗಿ ಓಡುತ್ತದೆ! ಅದರ ಬದಲು ‘ಇಫ್ ಎರರ್‌ಲೆವೆಲ್ 8’ ಎಂಬ ಪರೀಕ್ಷೆ ಹಾಕಿ. ಅದು 8 ಮತ್ತು ಅದಕ್ಕಿಂತ ಹೆಚ್ಚಿನ ಎಲ್ಲವನ್ನೂ ಹಿಡಿಯುತ್ತದೆ.

ಉತ್ತರ 2

ಲಿನಕ್ಸ್‌ನಲ್ಲಿ ಸಿಂಕ್ ಮಾಡಲು ಆರ್‌ಸಿಂಕ್ ಎಂಬ ಆದೇಶ ಬಳಸುತ್ತಿದ್ದರೆ 23 ಮತ್ತು 24 ಎಂಬ ಎಕ್ಸಿಟ್ ಕೋಡ್‌ಗಳನ್ನು ಬೇರೆಬೇರೆಯಾಗಿ ನೋಡಿ. ಪಟ್ಟಿ ಮಾಡುವಾಗ ಇದ್ದ ಕಡತ ನಕಲಿಸುವಷ್ಟರಲ್ಲಿ ಮಾಯವಾಗಿದ್ದರೆ 24 ಬರುತ್ತದೆ. ಬಳಕೆಯಲ್ಲಿರುವ ಫೋನಿನಲ್ಲಿ ಇದು ಸಹಜ, ಮುಂದುವರಿಯಬಹುದು. 23 ಎಂದರೆ ಕೆಲವು ಕಡತಗಳು ದಾಟಲೇ ಇಲ್ಲ ಎಂದರ್ಥ, ಅಲ್ಲಿ ನಿಲ್ಲುವುದು ಮೇಲು.

ನಡುವೆ ಸೇರಿಸುವ ಕೆಲಸಗಳಿಗೆ, ಒಂದು ಕಡತವನ್ನು ಬೀಗದಂತೆ ಬಳಸುವ ‘ಫ್ಲಾಕ್’ ಆದೇಶ ಸಾಕು ಎಂದು ಹಲವರು ಹೇಳುತ್ತಾರೆ. ಎಲ್ಲ ಕೆಲಸಗಳೂ ಒಂದೇ ಲಾಕ್ ಕಡತವನ್ನು ಹಿಡಿಯುವಂತೆ ಮಾಡಿದರೆ ಒಮ್ಮೆಗೆ ಒಂದೇ ನಡೆಯುತ್ತದೆ, ನಿಜ. ಆದರೆ ಕಾಯುತ್ತಿರುವವರಲ್ಲಿ ಮೊದಲು ಬಂದವರಿಗೇ ಮೊದಲು ಲಾಕ್ ಸಿಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಕ್ರಮವೂ ಮುಖ್ಯವಾಗಿದ್ದರೆ ಟಾಸ್ಕ್ ಸ್ಪೂಲರ್ ಎಂಬ ಸಣ್ಣ ತಂತ್ರಾಂಶ ನೋಡಿ. ಕೊಟ್ಟ ಆದೇಶಗಳನ್ನು ಸರತಿಯಲ್ಲಿಟ್ಟು ಒಂದೊಂದಾಗಿ ನಡೆಸುವುದೇ ಅದರ ಕೆಲಸ. ಹಿಂದಿನದು ಯಶಸ್ವಿಯಾದರೆ ಮಾತ್ರ ಇದನ್ನು ನಡೆಸು ಎಂದು ಹೇಳುವ ಆಯ್ಕೆಯೂ ಅದರಲ್ಲಿದೆ.

ಉತ್ತರ 3

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ಆದರೆ ಸಾಲಾಗಿ ನಡೆಸುವುದರಲ್ಲಿ ಒಂದು ಅಪಾಯವಿದೆ, ಅದನ್ನು ಯಾರೂ ಹೇಳಲಿಲ್ಲ. ಗುರಿಯಲ್ಲಿ ಹೆಚ್ಚಾಗಿರುವುದನ್ನು ಅಳಿಸುವ ಮಿರರ್ ವಿಧಾನವನ್ನು ನೀವು ಬಳಸುತ್ತಿದ್ದೀರೆಂದುಕೊಳ್ಳಿ. ಒಂದು ರಾತ್ರಿ ಫೋನ್ ಜೋಡಣೆಯಾಗಿರುವುದಿಲ್ಲ. ಅದು ಮೌಂಟ್ ಆಗಿ ತನ್ನ ಕಡತಗಳನ್ನು ತೋರಿಸಬೇಕಿದ್ದ ಜಾಗದಲ್ಲಿ ಖಾಲಿ ಫೋಲ್ಡರ್ ಮಾತ್ರ ಇರುತ್ತದೆ. ಓದುವಾಗ ದೋಷ ಕಂಡರೆ ಆರ್‌ಸಿಂಕ್ ಅಳಿಸುವುದನ್ನು ತಾನಾಗಿಯೇ ನಿಲ್ಲಿಸುತ್ತದೆ. ಆದರೆ ಖಾಲಿ ಫೋಲ್ಡರ್ ಅದರ ಕಣ್ಣಿಗೆ ದೋಷವಲ್ಲ. ಅದು ಗಣಕದಲ್ಲಿರುವುದನ್ನೆಲ್ಲ ಅಳಿಸಿ 0 ಎಂದು ವರದಿ ಮಾಡುತ್ತದೆ. 0 ನೋಡಿದ ಸರತಿ ಎರಡನೆಯದನ್ನೂ ಮೂರನೆಯದನ್ನೂ ನಡೆಸುತ್ತದೆ, ಬೆಳಗಾಗುವಷ್ಟರಲ್ಲಿ ಮೂರು ಪ್ರತಿಗಳೂ ಖಾಲಿ.

ಆದ್ದರಿಂದ ಮೊದಲ ಆದೇಶಕ್ಕೂ ಮುನ್ನ ಒಂದು ತಪಾಸಣೆ ಇರಲಿ. ಫೋನಿನ ಫೋಲ್ಡರಿನಲ್ಲಿ ಗುರುತಿಗಾಗಿ ಒಂದು ಪುಟ್ಟ ಕಡತ ಇಟ್ಟು, ಅದು ಕಾಣದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುವಂತೆ ಮಾಡಿ. ಸಿಂಕ್‌ಥಿಂಗ್ ಎಂಬ ಸಿಂಕ್ ತಂತ್ರಾಂಶ ತನ್ನ ಪ್ರತಿ ಫೋಲ್ಡರಿನಲ್ಲೂ ಇಂಥದೇ ಗುರುತು ಇಡುತ್ತದೆ; ಅದು ಕಾಣೆಯಾದರೆ ಆ ಫೋಲ್ಡರಿನ ಸಿಂಕ್ ನಿಂತುಹೋಗುತ್ತದೆ. ಜೊತೆಗೆ ಆರ್‌ಸಿಂಕ್‌ನ ‘ಮ್ಯಾಕ್ಸ್-ಡಿಲೀಟ್’ ಆಯ್ಕೆಯಲ್ಲಿ ಒಮ್ಮೆಗೆ ಎಷ್ಟು ಕಡತ ಅಳಿಸಬಹುದೆಂಬ ಮಿತಿ ಹಾಕಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಾನು ಬಳಸುವುದು ಮಿರರ್ ವಿಧಾನವೇ ಆದ್ದರಿಂದ ಮೂರನೆಯ ಉತ್ತರವನ್ನು ಮೊದಲು ಜಾರಿಗೆ ತರುತ್ತೇನೆ. ಇನ್ನೆರಡು ಸಂದೇಹಗಳಿವೆ. ಎರಡನೆಯ ಕೆಲಸ ಸೋತರೆ ಮೂರನೆಯದನ್ನೂ ತಡೆಯಬೇಕೇ? ಸರತಿಯ ನಡುವೆ ಗಣಕ ಮರುಪ್ರಾರಂಭವಾದರೆ ಏನಾಗುತ್ತದೆ?

ಉತ್ತರ 2 ಬರೆದವರು

ತಡೆಯಬೇಕಿಲ್ಲ. ಎರಡನೆಯದೂ ಮೂರನೆಯದೂ ಮೊದಲನೆಯದನ್ನು ಅವಲಂಬಿಸಿವೆಯೇ ಹೊರತು ಒಂದನ್ನೊಂದು ಅಲ್ಲ. ಹಾರ್ಡ್ ಡಿಸ್ಕಿನ ಕೇಬಲ್ ಸಡಿಲವಾಗಿದೆ ಎಂದು ನೆಟ್‌ವರ್ಕಿನ ಪ್ರತಿಯನ್ನೂ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಮೊದಲನೆಯದರ ನಂತರ ಷರತ್ತು ಇರಲಿ. ಆಮೇಲಿನ ಎರಡರ ನಡುವೆ ಕ್ರಮ ಮಾತ್ರ ಸಾಕು.

ಟಾಸ್ಕ್ ಸ್ಪೂಲರಿನ ಸರತಿ ಗಣಕ ಮರುಪ್ರಾರಂಭವಾದಾಗ ಉಳಿಯುವುದಿಲ್ಲ. ಆದರೆ ಸಿಂಕ್ ಕೆಲಸವನ್ನು ಮತ್ತೆ ಮೊದಲಿನಿಂದ ನಡೆಸಿದರೂ ಅದು ವ್ಯತ್ಯಾಸವಿರುವ ಕಡತಗಳನ್ನಷ್ಟೇ ಮುಟ್ಟುವುದರಿಂದ, ರಾತ್ರಿಯ ಮೂರೂ ಕೆಲಸಗಳು ಮರುದಿನ ತಾವಾಗಿಯೇ ಸರಿಹೋಗುತ್ತವೆ. ನೀವು ಕೈಯಾರೆ ಸೇರಿಸಿದ್ದನ್ನು ಮಾತ್ರ ಮತ್ತೊಮ್ಮೆ ಸೇರಿಸಬೇಕಾಗುತ್ತದೆ.