ಸಹಾಯ ಬೇಕು: ವ್ಯವಸ್ಥಾಪಕರು ಮೂವರು, ಲಾಭದ ಅಂಕಿ ಒಂದೇ

ನಮಸ್ಕಾರ. ಪೀಣ್ಯದ 34 ಸಣ್ಣ ಕಾರ್ಖಾನೆಗಳಲ್ಲಿ ವ್ಯವಸ್ಥಾಪಕರು ನಿರ್ಧಾರ ಕೈಗೊಳ್ಳುವ ಶೈಲಿಗೂ ಲಾಭಕ್ಕೂ ಇರುವ ಸಂಬಂಧದ ಕುರಿತು ಎಂ.ಕಾಂ. ಪ್ರಬಂಧ ಬರೆಯುತ್ತಿದ್ದೇನೆ. ತರ್ಕ, ಅಂತಃಪ್ರೇರಣೆ, ಪರಾವಲಂಬನೆ, ಮುಂದೂಡಿಕೆ, ದಿಢೀರ್ ತೀರ್ಮಾನ ಎಂಬ ಐದು ಶೈಲಿಗಳನ್ನು ಅಳೆಯಲು ಸ್ಕಾಟ್ ಮತ್ತು ಬ್ರೂಸ್ 1995ರಲ್ಲಿ ರೂಪಿಸಿದ 25 ಹೇಳಿಕೆಗಳ ಪ್ರಶ್ನಾವಳಿಯನ್ನು ಪ್ರತಿ ಕಾರ್ಖಾನೆಯಲ್ಲೂ ಮೂವರಿಂದ ತುಂಬಿಸಿದ್ದೇನೆ. (ತರ್ಕಕ್ಕೆ ಪೂರ್ಣ ಅಂಕ ಕೊಟ್ಟುಕೊಂಡ ಮಾಲೀಕರೊಬ್ಬರು, ಹಾಳೆ ಕೈಯಲ್ಲಿರುವಾಗಲೇ ಫೋನಿನಲ್ಲಿ ಎರಡು ಟನ್ ಉಕ್ಕಿಗೆ ಆರ್ಡರ್ ಕೊಟ್ಟುಬಿಟ್ಟರು!)

ಆದರೆ ಒಟ್ಟು ಆಸ್ತಿಯ ಮೇಲಿನ ನಿವ್ವಳ ಲಾಭದ ಪ್ರಮಾಣ ಕಾರ್ಖಾನೆಗೊಂದೇ. ಅದನ್ನೇ ಮೂವರ ಎದುರೂ ನಮೂದಿಸಿ, ಅಂಕಿ-ಅಂಶ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ನಲ್ಲಿ ರಿಗ್ರೆಷನ್ (ಶೈಲಿಯ ಅಂಕಕ್ಕೂ ಲಾಭಕ್ಕೂ ಇರುವ ಸಂಬಂಧ ಅಳೆಯುವ ಲೆಕ್ಕಾಚಾರ) ನಡೆಸಿದರೆ 102 ಸಾಲುಗಳಾಗಿ ಸಂಬಂಧ ಗಟ್ಟಿಯಾಗಿ ಕಾಣುತ್ತದೆ. ಮೂವರ ಅಂಕಗಳ ಸರಾಸರಿ ತೆಗೆದರೆ ಸಾಲುಗಳು 34ಕ್ಕಿಳಿದು ಆ ಸಂಬಂಧ ಮಾಯವಾಗುತ್ತದೆ. ಒಂದೇ ಅಂಕಿಯನ್ನು ಮೂರು ಬಾರಿ ಎಣಿಸುವುದು ಸರಿಯಲ್ಲವೆಂದು ನನಗೂ ಅನ್ನಿಸುತ್ತದೆ. ಹಾಗಾದರೆ ಸರಾಸರಿಯನ್ನೇ ಉಳಿಸಿಕೊಳ್ಳಬೇಕೇ, ಅಥವಾ ಅಂತಿಮ ಮಾತು ಯಾರದೋ ಅವರ ಅಂಕವನ್ನು ಮಾತ್ರ ಬಳಸಬೇಕೇ?